ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ಹತ್ತು ಕಿಲೋ ತೂಗುವ, ವರ್ಷ ತುಂಬಿದ ಒಂದು ಮಗುವಿಗೆ ವಾಂತಿ ಭೇದಿ ಶುರುವಾಗಿದೆ ಎಂದುಕೊಳ್ಳಿ. ಅದರ ಮೈಯಿಂದ ಅರ್ಧ ಲೀಟರ್ ನೀರು ಹೋಗುವಷ್ಟರಲ್ಲಿ ಬಾಯಿ ಒಣಗಿರುತ್ತದೆ, ಕಣ್ಣು ಗುಳಿಬಿದ್ದಿರುತ್ತದೆ, ಮಗು ರಚ್ಚೆ ಹಿಡಿದಿರುತ್ತದೆ. ನೀರು ಕೊಟ್ಟರೆ ಲೋಟ ಬಿಡದೆ ಕುಡಿಯುತ್ತದೆ. ಒಂದು ಲೀಟರ್ ಹೋಗುವಷ್ಟರಲ್ಲಿ ಅಳುವ ಶಕ್ತಿಯೂ ಇರುವುದಿಲ್ಲ. ಕೈಕಾಲು ತಣ್ಣಗಾಗುತ್ತವೆ, ನಾಡಿ ಕೈಗೆ ಸಿಗುವುದಿಲ್ಲ, ಕಣ್ಣೀರು ಬರುವುದಿಲ್ಲ, ನೀರು ಕೊಟ್ಟರೂ ನುಂಗುವುದಿಲ್ಲ. ಅಲ್ಲಿಂದ ಮುಂದೆ ಉಳಿದಿರುವುದು ಗಂಟೆಗಳ ಲೆಕ್ಕ ಮಾತ್ರ.

ಮನುಷ್ಯನ ದೇಹ ಬದುಕಿನುದ್ದಕ್ಕೂ ಏನಾದರೊಂದನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ತಲೆಗೂದಲು ಉದುರುತ್ತದೆ, ಹಲ್ಲು ಬೀಳುತ್ತದೆ, ಮೂಳೆ ಸವೆಯುತ್ತದೆ, ಕಿವಿ ಮಂದವಾಗುತ್ತದೆ. ಇವೆಲ್ಲ ವರ್ಷಗಟ್ಟಲೆ ನಡೆಯುವ ನಷ್ಟಗಳು. ಚಿಕಿತ್ಸೆಯಿಂದ ಇವನ್ನು ನಿಧಾನಗೊಳಿಸಬಹುದು, ಸ್ವಲ್ಪಮಟ್ಟಿಗೆ ಸರಿದೂಗಿಸಬಹುದು, ಆದರೆ ಹೋದದ್ದು ಹೆಚ್ಚಿನಂಶ ಹೋದಂತೆಯೇ. ನೀರಿನ ನಷ್ಟ ಹಾಗಲ್ಲ. ಅದು ಒಂದೇ ರಾತ್ರಿಯಲ್ಲಿ ಜೀವ ತೆಗೆಯಬಲ್ಲದು. ಆದರೆ ಸಮಯಕ್ಕೆ ಸರಿಯಾಗಿ ತುಂಬಿಕೊಟ್ಟರೆ, ನಿನ್ನೆ ಮಂಚದ ಮೇಲೆ ನಿಶ್ಚೇಷ್ಟಿತವಾಗಿದ್ದ ಮಗು ಇವತ್ತು ಎದ್ದು ಆಡುತ್ತದೆ. ಇಷ್ಟು ಪೂರ್ತಿಯಾಗಿ ತುಂಬಿಕೊಳ್ಳಬಹುದಾದ ನಷ್ಟಗಳು ದೇಹದಲ್ಲಿ ಕಡಿಮೆ. ಅದನ್ನು ತುಂಬುವ ಬಗೆಯನ್ನು ಕಂಡುಕೊಳ್ಳಲು ವೈದ್ಯವಿಜ್ಞಾನಕ್ಕೆ ನೂರೈವತ್ತು ವರ್ಷ ಹಿಡಿಯಿತು.

ಕರುಳಿನ ಜಮಾಖರ್ಚು

ವಯಸ್ಕರ ದೇಹತೂಕದಲ್ಲಿ ಸುಮಾರು ಶೇ. 60ರಷ್ಟು ನೀರು. ಆಗತಾನೆ ಹುಟ್ಟಿದ ಕೂಸಿನಲ್ಲಿ ಅದು ಶೇ. 75ರ ಹತ್ತಿರ. ನಾವು ದಿನಕ್ಕೆ ಕುಡಿಯುವ ನೀರು, ಊಟದಲ್ಲಿ ಬರುವ ನೀರು ಎಲ್ಲ ಸೇರಿ ಎರಡು ಲೀಟರ್ ಆದೀತು. ಆದರೆ ಕರುಳಿಗೆ ಬಂದು ಸೇರುವುದು ಎಂಟೊಂಬತ್ತು ಲೀಟರ್. ಉಳಿದದ್ದೆಲ್ಲ ದೇಹವೇ ಸುರಿಸುವ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ ಮತ್ತು ಕರುಳಿನದೇ ಸ್ರಾವ. ಇಷ್ಟೂ ನೀರನ್ನು ಸಣ್ಣಕರುಳು ಮತ್ತು ದೊಡ್ಡಕರುಳು ಮತ್ತೆ ಹೀರಿಕೊಂಡು ರಕ್ತಕ್ಕೆ ಒಪ್ಪಿಸುತ್ತವೆ. ಮಲದೊಂದಿಗೆ ಹೊರಹೋಗುವುದು ಒಂದು ಪುಟ್ಟ ಲೋಟದಷ್ಟು, ನೂರರಿಂದ ಇನ್ನೂರು ಮಿಲಿಲೀಟರ್.

ಈ ಲೆಕ್ಕವನ್ನು ನೋಡಿದರೆ ಭೇದಿ ಎಂದರೇನೆಂಬುದು ತಾನೇ ತಿಳಿಯುತ್ತದೆ. ಕುಡಿದ ನೀರು ಮೈಗೆ ಹತ್ತುತ್ತಿಲ್ಲ ಎಂಬುದಷ್ಟೇ ಇಲ್ಲಿನ ತೊಂದರೆಯಲ್ಲ. ದೇಹ ತಾನೇ ಸುರಿಸಿದ ನೀರನ್ನೂ ಮರಳಿ ಪಡೆಯಲಾರದೆ ಹೋಗುತ್ತದೆ. ನೀರಿನ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಲವಣಗಳೂ ಹೋಗುತ್ತವೆ. ರಕ್ತ ಗಟ್ಟಿಯಾಗುತ್ತದೆ, ಅದರ ಪ್ರಮಾಣ ಇಳಿಯುತ್ತದೆ, ಒತ್ತಡ ಕುಸಿಯುತ್ತದೆ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ.

ಇದರ ಅತ್ಯುಗ್ರ ರೂಪ ಕಾಲರಾ. ಕಾಲರಾ ರೋಗಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಕಳೆದುಕೊಳ್ಳಬಲ್ಲ. ಬರುವುದು ಮಲವೂ ಅಲ್ಲ, ಅಕ್ಕಚ್ಚಿನ ಬಣ್ಣದ ನೀರು. ಬೆಳಿಗ್ಗೆ ಹೊಲಕ್ಕೆ ಹೋದ ಗಟ್ಟಿಮುಟ್ಟಾದ ಆಳು ಸಂಜೆಯೊಳಗೆ ಹೆಣವಾಗುವುದು ಸಾಧ್ಯವಿತ್ತು. 1817ರಲ್ಲಿ ಬಂಗಾಳದಿಂದ ಹೊರಟ ಮಹಾಮಾರಿ 1831ರ ಹೊತ್ತಿಗೆ ಇಂಗ್ಲೆಂಡನ್ನು ಮುಟ್ಟಿತು.

ಲೀತ್ ಬಂದರಿನ ಆ ಮುದುಕಿ

ಆಗ ಯುರೋಪಿನಲ್ಲಿ ಕಾಲರಾಕ್ಕೆ ಮಾಡುತ್ತಿದ್ದ ಚಿಕಿತ್ಸೆ ಎಂದರೆ ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ವಾಂತಿ ಮಾಡಿಸುವುದು. ನೀರಿಲ್ಲದೆ ಸಾಯುತ್ತಿದ್ದವರಿಂದ ಇನ್ನಷ್ಟು ನೀರನ್ನು ಕಿತ್ತುಕೊಳ್ಳುತ್ತಿದ್ದರು. 1831ರ ಕೊನೆಯಲ್ಲಿ ವಿಲಿಯಂ ಬ್ರೂಕ್ ಓಶಾನೆಸಿ ಎಂಬ 22 ವರ್ಷದ ಐರಿಷ್ ವೈದ್ಯ ಸಂಡರ್‌ಲ್ಯಾಂಡ್ ಊರಿಗೆ ಹೋಗಿ ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿದ. ರಕ್ತದಲ್ಲಿ ನೀರೂ ಲವಣವೂ ಕಡಿಮೆಯಾಗಿವೆ, ಅವನ್ನು ಮರಳಿ ಕೊಡಬೇಕು ಎಂದು ಬರೆದ. ಇದೇ ಓಶಾನೆಸಿ ಮುಂದೆ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ, ಭಾರತದಲ್ಲಿ ಟೆಲಿಗ್ರಾಫ್ ತಂತಿಗಳನ್ನು ಎಳೆಸಿದ.

ಅವನ ಬರಹವನ್ನು ಓದಿದ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ 1832ರಲ್ಲಿ ಲೀತ್ ಬಂದರಿನಲ್ಲಿ ಅದನ್ನು ಮಾಡಿಯೇ ನೋಡಿದ. ಅವನ ಮೊದಲ ರೋಗಿ ಒಬ್ಬ ವೃದ್ಧೆ. ಬೇರೆಲ್ಲ ಮದ್ದೂ ಮುಗಿದು, ಉಳಿಯುವ ಆಸೆಯೇ ಇಲ್ಲದವಳು. ಅವಳ ತೋಳಿನ ರಕ್ತನಾಳಕ್ಕೆ ಕೊಳವೆ ಹಾಕಿ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಹರಿಸಿದ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಉಸಿರು ಹಗುರಾಯಿತು, ಜೋತುಬಿದ್ದ ದವಡೆ ಸರಿಯಾಯಿತು, ಗುಳಿಬಿದ್ದ ಕಣ್ಣಿಗೆ ಬೆಳಕು ಬಂತು, ಕಳೆದುಹೋಗಿದ್ದ ನಾಡಿ ಮಣಿಕಟ್ಟಿಗೆ ಮರಳಿತು. ಅರ್ಧ ಗಂಟೆಯಲ್ಲಿ ಮೂರು ಲೀಟರ್‌ಗೂ ಹೆಚ್ಚು ದ್ರವ ಒಳಹೋಗಿತ್ತು. ಅವಳು ಪಾರಾದಳೆಂದು ನಂಬಿ ಲಾಟಾ ಅವಳನ್ನು ಆಸ್ಪತ್ರೆಯ ವೈದ್ಯನಿಗೆ ಒಪ್ಪಿಸಿ ವಿಶ್ರಾಂತಿಗೆ ಹೋದ. ಭೇದಿ ಮತ್ತೆ ಶುರುವಾಯಿತು. ನೀರನ್ನು ಮತ್ತೆ ತುಂಬುವವರಿರಲಿಲ್ಲ. ಐದೂವರೆ ಗಂಟೆಯೊಳಗೆ ಅವಳು ತೀರಿಕೊಂಡಳು.

ಒಮ್ಮೆ ತುಂಬಿದರೆ ಸಾಲದು, ಹೋಗುತ್ತಿರುವಷ್ಟು ಹೊತ್ತೂ ತುಂಬುತ್ತಲೇ ಇರಬೇಕು ಎಂಬ ಪಾಠ ಆ ಸಾವಿನಲ್ಲಿತ್ತು. ಆದರೆ ಲಾಟಾ ಮರುವರ್ಷವೇ ತೀರಿಕೊಂಡ. ವೈದ್ಯಲೋಕ ಅವನ ವಿಧಾನವನ್ನು ದಶಕಗಳ ಕಾಲ ಮರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ರಕ್ತನಾಳದ ಮೂಲಕ ಕೊಡುವ ಸಲೈನ್ ಆಸ್ಪತ್ರೆಗಳಲ್ಲಿ ನೆಲೆಯೂರಿತು, ಲಕ್ಷಾಂತರ ಜನರನ್ನು ಉಳಿಸಿತು. ಆದರೆ ಸಲೈನ್‌ಗೆ ಸೂಜಿ ಬೇಕು, ಬಾಟಲಿ ಬೇಕು, ಕಲಿತ ಕೈ ಬೇಕು. ರೋಗ ಬರುವುದು ಇವು ಯಾವುವೂ ಇಲ್ಲದ ಊರಿಗೆ.

ಜೋಡಿಯಾಗಿ ಬಂದರೆ ತೆರೆಯುವ ಬಾಗಿಲು

ಹಾಗಾದರೆ ಬಾಯಿಯಿಂದಲೇ ನೀರು ಕುಡಿಸಿದರಾಗದೆ? ಬರೀ ನೀರನ್ನಾಗಲಿ ಬರೀ ಉಪ್ಪುನೀರನ್ನಾಗಲಿ ಕುಡಿಸಿದರೆ ಕೆಟ್ಟ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ಭೇದಿ ಇನ್ನಷ್ಟು ಹೆಚ್ಚುತ್ತದೆ. ಕಾಲರಾ ಕರುಳಿನ ಒಳಪೊರೆಯನ್ನೇ ಸುಲಿದುಹಾಕುತ್ತದೆ, ಹಾಗಾಗಿ ಕರುಳಿಗೆ ವಿಶ್ರಾಂತಿ ಕೊಡಬೇಕು ಎಂದು ವೈದ್ಯರು ಬಹುಕಾಲ ನಂಬಿದ್ದರು. ಭೇದಿಯಾದಾಗ ಏನನ್ನೂ ಕೊಡಬಾರದು, ಹೊಟ್ಟೆ ಖಾಲಿ ಬಿಡಬೇಕು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಈ ನಂಬಿಕೆಯ ಬುಡ ಅಲುಗಾಡಿದ್ದು ಕಲ್ಕತ್ತಾದಲ್ಲಿ. ಶಂಭುನಾಥ ಡೇ ಎಂಬ ರೋಗವಿಜ್ಞಾನಿ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಕಾಲರಾ ಬ್ಯಾಕ್ಟೀರಿಯಾಗಳನ್ನು ಬೆಳೆಸಿದ ದ್ರವದಿಂದ ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದು, ಉಳಿದ ದ್ರವವನ್ನಷ್ಟೇ ಮೊಲದ ಕರುಳಿನ ಕಟ್ಟಿದ ತುಂಡಿಗೆ ಹಾಕಿದರು. ಬ್ಯಾಕ್ಟೀರಿಯಾ ಇಲ್ಲದಿದ್ದರೂ ಕರುಳಿನಲ್ಲಿ ನೀರು ತುಂಬಿತು. ಅಂದರೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಬಿಡುವ ವಿಷ. ಆ ವಿಷ ಕರುಳಿನ ಜೀವಕೋಶಗಳಿಗೆ ಹೊಕ್ಕು ಕ್ಲೋರೈಡ್ ಹೊರಹೋಗುವ ದಾರಿಯನ್ನು ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು ಹೊರಗೆ ಧುಮುಕುತ್ತವೆ. ಒಳಪೊರೆ ಮಾತ್ರ ಹರಿದಿರುವುದಿಲ್ಲ.

ಮರುವರ್ಷ, 1960ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ತಮ್ಮ ಹೊಸ ವಿಚಾರವನ್ನು ಮುಂದಿಟ್ಟರು. ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. ಒಬ್ಬೊಬ್ಬರೇ ಬಂದರೆ ತೆರೆಯದೆ, ಜೋಡಿಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲಿನಂತೆ ಅದು ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗಿದ್ದಾಗ ಮಾತ್ರ ಎರಡನ್ನೂ ಒಳಗೆ ಬಿಡುತ್ತದೆ. ಒಂದು ಗ್ಲೂಕೋಸ್ ಕಣಕ್ಕೆ ಎರಡು ಸೋಡಿಯಂ ಎಂಬುದು ಆಮೇಲೆ ತಿಳಿಯಿತು. ಅವೆರಡೂ ಒಳಹೋದರೆ ಅವುಗಳ ಬೆನ್ನಿಗೆ ನೀರೂ ಒಳಗೆ ಬರುತ್ತದೆ.

ಕಾಲರಾ ವಿಷ ಈ ಪ್ರೋಟೀನನ್ನು ಮುಟ್ಟುವುದಿಲ್ಲ. ಒಂದು ದಾರಿಯಿಂದ ನೀರು ಸುರಿದುಹೋಗುತ್ತಿರುವಾಗಲೂ ಇನ್ನೊಂದು ದಾರಿ ಪೂರ್ತಿ ಸರಿಯಾಗಿಯೇ ಇರುತ್ತದೆ. ನೀರಿಗೆ ಉಪ್ಪನ್ನೂ ಸಕ್ಕರೆಯನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಸಾಯುತ್ತಿರುವ ರೋಗಿಯ ಕರುಳೂ ಅದನ್ನು ಹೀರಿಕೊಳ್ಳುತ್ತದೆ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಭೇದಿ ನಿಲ್ಲಿಸುವುದು ಚಿಕಿತ್ಸೆಯಲ್ಲ, ಹೋದದ್ದನ್ನು ತುಂಬುವುದು ಚಿಕಿತ್ಸೆ. ತುಂಬುತ್ತಿದ್ದರೆ ಭೇದಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಢಾಕಾದ ಮಂಚ, ಬನಗಾಂವ್‌ನ ಡ್ರಮ್ಮು

ಬಾಯಿಯಿಂದ ಗ್ಲೂಕೋಸ್ ಮತ್ತು ಉಪ್ಪಿನ ನೀರು ಕೊಟ್ಟು ಕಾಲರಾ ರೋಗಿಗಳನ್ನು ಗುಣಪಡಿಸಿದ ವರದಿಯನ್ನು ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 1953ರಷ್ಟು ಹಿಂದೆಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಎಷ್ಟು ಹೋಯಿತು, ಎಷ್ಟು ಒಳಸೇರಿತು ಎಂಬ ಅಳತೆ ಅದರಲ್ಲಿ ಇಲ್ಲದ್ದರಿಂದ ಲೋಕ ಕಿವಿಗೊಡಲಿಲ್ಲ. ಆ ಅಳತೆ ಸಿಕ್ಕಿದ್ದು 1968ರಲ್ಲಿ, ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ. ಇಪ್ಪತ್ತರ ಹರೆಯದ ಇಬ್ಬರು ಅಮೆರಿಕನ್ ವೈದ್ಯರು, ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್, ಸ್ಥಳೀಯ ಸಹೋದ್ಯೋಗಿಗಳೊಂದಿಗೆ ಅದನ್ನು ಮಾಡಿದರು. ಅಲ್ಲಿ ಬಳಸುತ್ತಿದ್ದುದು ‘ಕಾಲರಾ ಮಂಚ’. ನಡುವೆ ರಂಧ್ರವಿರುವ ಕ್ಯಾನ್ವಾಸ್ ಮಂಚ, ಅದರ ಕೆಳಗೆ ಗುರುತು ಹಾಕಿದ ಬಕೆಟ್. ಬಕೆಟ್ಟಿಗೆ ಎಷ್ಟು ಬಿತ್ತೋ ನೋಡಿ, ಅಷ್ಟನ್ನೇ ಬಾಯಿಯಿಂದ ಮರಳಿ ಕುಡಿಸಿದರು. ಸಲೈನ್‌ನ ಅಗತ್ಯ ಶೇ. 80ರಷ್ಟು ಇಳಿಯಿತು.

ಆದರೂ ಇದು ಆಸ್ಪತ್ರೆಯೊಳಗಿನ, ವೈದ್ಯರ ಕಣ್ಣೆದುರಿನ ಗೆಲುವು. ನಿಜವಾದ ಪರೀಕ್ಷೆ 1971ರಲ್ಲಿ ಬಂತು. ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಪಾರಾಗಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಮಳೆಗಾಲದ ಶಿಬಿರಗಳಲ್ಲಿ ಕಾಲರಾ ಹೊತ್ತಿಕೊಂಡಿತು. ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಗೆ ಹೋದ ಮಕ್ಕಳ ವೈದ್ಯ ದಿಲೀಪ್ ಮಹಲನಬೀಸ್ ಕಂಡದ್ದು 16 ಹಾಸಿಗೆಗಳ ಎರಡು ಕೋಣೆ, ನೆಲದ ಮೇಲೆಲ್ಲ ರೋಗಿಗಳು. ಮಲ, ವಾಂತಿಯ ನಡುವೆ ಮಂಡಿಯೂರಿ ಕುಳಿತು ಸೂಜಿ ಚುಚ್ಚಬೇಕಾಗಿತ್ತು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು.

ಮಹಲನಬೀಸ್ ಆಗ ಒಂದು ನಿರ್ಧಾರ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಕಲ್ಕತ್ತಾದ ಪ್ರಯೋಗಾಲಯದಲ್ಲಿ ಇವನ್ನು ತೂಗಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಚೀಲದ ಬಾಯಿ ಮುಚ್ಚಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ನಲ್ಲಿ ಜೋಡಿಸಿದ ಡ್ರಮ್ಮುಗಳಲ್ಲಿ ದ್ರಾವಣ ಕಲಸಿಟ್ಟರು. ತಾಯಿ, ಅಣ್ಣ, ಅಜ್ಜ, ಯಾರು ಜೊತೆಗಿದ್ದರೋ ಅವರೇ ಲೋಟದಲ್ಲಿ ಹಿಡಿದು ರೋಗಿಗೆ ಕುಡಿಸಿದರು. ಇದಕ್ಕೆ ಅನುಮೋದಿತ ವಿಧಾನ ಎಂಬ ಮುದ್ರೆ ಇನ್ನೂ ಬಿದ್ದಿರಲಿಲ್ಲ. ಎರಡು ತಿಂಗಳಲ್ಲಿ ಸುಮಾರು 3,700 ರೋಗಿಗಳಿಗೆ ಹೀಗೆ ಚಿಕಿತ್ಸೆ ಸಿಕ್ಕಿತು. ಶಿಬಿರಗಳಲ್ಲಿ ಶೇ. 30ರ ಹತ್ತಿರವಿದ್ದ ಸಾವಿನ ಪ್ರಮಾಣ ಇಲ್ಲಿ ಶೇ. 3.6ಕ್ಕೆ ಇಳಿಯಿತು. ವೈದ್ಯರೂ ದಾದಿಯರೂ ಇಲ್ಲದ ಕಡೆ ಅಕ್ಷರ ಬಾರದ ತಾಯಿಯ ಕೈ ಸಾಕು ಎಂದು ಬನಗಾಂವ್ ತೋರಿಸಿಕೊಟ್ಟಿತು. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮೂರು ಬೆರಳಿನ ಅಳತೆ

ಪ್ಯಾಕೆಟ್ ಕೂಡ ತಲುಪದ ಹಳ್ಳಿಗಳ ಗತಿ ಏನು? ಈ ಪ್ರಶ್ನೆಗೆ ಬಾಂಗ್ಲಾದೇಶವೇ ಉತ್ತರ ಕೊಟ್ಟಿತು. 1980ರಿಂದ ಹತ್ತು ವರ್ಷ ‘ಬ್ರಾಕ್’ ಸಂಸ್ಥೆಯ ಮಹಿಳಾ ಕಾರ್ಯಕರ್ತೆಯರು ಮನೆಮನೆಗೆ ನಡೆದು ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ ಪಾಠ ಹೇಳಿದರು. ಮೂರು ಬೆರಳಿನಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ಮಾಡಿ ತೋರಿಸಿದರೆ ಸಾಲದು, ತಾಯಿ ತನ್ನ ಕೈಯಿಂದಲೇ ಮಾಡಿ ತೋರಿಸಬೇಕು. ಕೆಲವು ವಾರಗಳ ನಂತರ ಬೇರೆಯವರು ಬಂದು ಆ ತಾಯಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು, ಅವಳು ಕಲಸಿದ ನೀರಿನ ಉಪ್ಪಿನಂಶವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಿದ್ದರು. ಕಲಿಸಿದವಳ ಸಂಬಳ ನಿಗದಿಯಾಗುತ್ತಿದ್ದುದು ಕಲಿತವಳ ನೆನಪಿನ ಮೇಲೆ. ಜನಾರೋಗ್ಯದ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾಗಿ ನಡೆದ ಪಾಠಗಳು ಕಡಿಮೆ.

ಪ್ಯಾಕೆಟ್ಟಿನೊಳಗೆ

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ, ಬಾಯಿಯಿಂದ ಕುಡಿಸುವ ಈ ಉಪ್ಪು-ಸಕ್ಕರೆ ಮಿಶ್ರಣದ ಸೂತ್ರವೇ ಇಂದಿನ ಓಆರ್‌ಎಸ್. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಹಳೆಯ ಸೂತ್ರಕ್ಕಿಂತ ಇದರಲ್ಲಿ ಸಕ್ಕರೆಯೂ ಉಪ್ಪೂ ಕಡಿಮೆ. ಹೀಗೆ ಮಾಡಿದ್ದರಿಂದ ಭೇದಿಯ ಪ್ರಮಾಣವೂ ವಾಂತಿಯೂ ತಗ್ಗಿದವು.

ಇಲ್ಲಿ ಅಳತೆಯೇ ಔಷಧ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿನ ಮಿದುಳಿಗೇ ಅಪಾಯ. ಸಕ್ಕರೆ ಹೆಚ್ಚಾದರೂ ಕೇಡೇ, ಏಕೆಂದರೆ ಕರುಳಿನಲ್ಲಿ ಉಳಿದ ಸಕ್ಕರೆ ದೇಹದ ನೀರನ್ನು ತನ್ನತ್ತ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ, ಗ್ಲೂಕೋಸ್ ಪುಡಿಯ ನೀರು ಓಆರ್‌ಎಸ್‌ಗೆ ಬದಲಿ ಅಲ್ಲ ಎನ್ನುವುದು ಇದಕ್ಕೇ. ಸಕ್ಕರೆ ತುಂಬಿದ ಪಾನೀಯಗಳು ಹೆಸರಿನಲ್ಲಿ ‘ಓಆರ್‌ಎಸ್’ ಅಂಟಿಸಿಕೊಂಡು ಔಷಧದ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಳ ಕಾಲ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ಎಂಬುದನ್ನು ನೋಡಿಯೇ ಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದ್ದು

ಕುದಿಸಿ ಆರಿಸಿದ ಒಂದು ಲೀಟರ್ ನೀರನ್ನು ಅಳೆದುಕೊಂಡು ಇಡೀ ಪ್ಯಾಕೆಟ್ ಕರಗಿಸಿ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಿ. ವಾಂತಿಯಾಯಿತೆಂದು ಕೈಬಿಡಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ನಿಧಾನಕ್ಕೆ ಕುಡಿಸಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ.

ಎದೆಹಾಲನ್ನು ಒಂದು ಸಲಕ್ಕೂ ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಊಟ ಕೊಡುತ್ತಲೇ ಇರಬೇಕು. ನಮ್ಮ ಅಜ್ಜಿಯರು ಉಪ್ಪು ಹಾಕಿದ ಗಂಜಿ ಕುಡಿಸುತ್ತಿದ್ದುದರಲ್ಲಿ ವಿಜ್ಞಾನವಿತ್ತು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ, ಉಪ್ಪಿನ ಸೋಡಿಯಂ ಜೊತೆ ಸೇರಿ ಒಳಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ, ಆದ್ದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಓಆರ್‌ಎಸ್ ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ ಸತು, ಅಂದರೆ ಜಿಂಕ್, 14 ದಿನ ಕೊಟ್ಟರೆ ಭೇದಿ ಬೇಗ ನಿಲ್ಲುತ್ತದೆ, ಮುಂದಿನ ತಿಂಗಳುಗಳಲ್ಲಿ ಮರುಕಳಿಸುವುದೂ ಕಡಿಮೆಯಾಗುತ್ತದೆ. ಇದನ್ನು ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ ಪಡೆಯಿರಿ. ಭೇದಿಯನ್ನು ಕಟ್ಟುವ ಮಾತ್ರೆಗಳನ್ನು ಚಿಕ್ಕಮಕ್ಕಳಿಗೆ ಕೊಡಲೇಬಾರದು.

ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡಿ. ತಟ್ಟನೆ ಸರಿಯಾಗದೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆ ನಿಂತರೆ, ಮಗು ಮಂಕಾಗಿ ಮಲಗಿದ್ದರೆ, ಕುಡಿಯಲಾರದಿದ್ದರೆ, ಆರು ಗಂಟೆ ಮೂತ್ರವೇ ಆಗದಿದ್ದರೆ, ಮಲದಲ್ಲಿ ರಕ್ತವಿದ್ದರೆ ಕಾಯಬೇಡಿ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ದಾರಿಯಲ್ಲೂ, ನುಂಗಲು ಆಗುವಷ್ಟು ಎಚ್ಚರವಿದ್ದರೆ, ಕುಡಿಸುತ್ತಲೇ ಇರಿ.

ಕೇಳಿದರೆ ಕೊಡುತ್ತಾರೆ

1980ರ ಆರಂಭದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 46 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಈಗ ಆ ಸಂಖ್ಯೆ ಸುಮಾರು 4.4 ಲಕ್ಷ. ಈ ಇಳಿಕೆಗೆ ಶುದ್ಧ ನೀರು, ಶೌಚಾಲಯ, ರೋಟಾವೈರಸ್ ಲಸಿಕೆಯ ಪಾಲೂ ಇದೆ, ಓಆರ್‌ಎಸ್‌ನ ಪಾಲು ದೊಡ್ಡದು. ಆದರೂ ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಗುವುದು ನೂರಕ್ಕೆ ಅರವತ್ತರಷ್ಟು ಮಂದಿಗೆ ಮಾತ್ರ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಏಕೆ ಹೀಗೆ ಎಂದು ಹುಡುಕಿದ ಒಂದು ದೊಡ್ಡ ಅಧ್ಯಯನ ನಡೆದದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. ‘ಸೈನ್ಸ್’ ಪತ್ರಿಕೆ 2024ರಲ್ಲಿ ಅದನ್ನು ಪ್ರಕಟಿಸಿತು. ತರಬೇತಿ ಪಡೆದವರು ಎರಡು ವರ್ಷದ ಮಗುವಿನ ತಂದೆಯರಂತೆ 253 ಪಟ್ಟಣಗಳ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿ ಹೋಗಿ, ಮನೆಯಲ್ಲಿ ಮಗುವಿಗೆ ಭೇದಿಯಾಗಿದೆ ಎಂದರು. ಪೂರೈಕೆಯ ಕೊರತೆಯಾಗಲಿ ಹಣದಾಸೆಯಾಗಲಿ ದೊಡ್ಡ ಕಾರಣವಾಗಿರಲಿಲ್ಲ. ರೋಗಿಗಳಿಗೆ ಓಆರ್‌ಎಸ್ ಬೇಡ, ಅವರು ಬೇರೆ ಔಷಧವನ್ನೇ ಬಯಸುತ್ತಾರೆ ಎಂಬ ಚಿಕಿತ್ಸಕರ ನಂಬಿಕೆಯೇ ಅತಿ ದೊಡ್ಡ ಕಾರಣವಾಗಿತ್ತು. ಓಆರ್‌ಎಸ್ ಬರೆಯದೆ ಬಿಡುವುದರಲ್ಲಿ ಶೇ. 42ರಷ್ಟು ಪಾಲು ಅದರದ್ದೇ. ಬಂದವರು ತಮಗೆ ಓಆರ್‌ಎಸ್ ಬೇಕೆಂದು ತಿಳಿಸಿದಾಗ, ಅದನ್ನು ಬರೆದುಕೊಟ್ಟವರ ಪ್ರಮಾಣ ನೂರಕ್ಕೆ 27ರಷ್ಟು ಏರಿತು.

ಬೇರೆ ಔಷಧವೆಂದು ಆ್ಯಂಟಿಬಯೋಟಿಕ್ ಕೇಳಿ ಫಲವಿಲ್ಲ. ಭೇದಿ ಹೆಚ್ಚಾಗಿ ಬರುವುದು ವೈರಸ್‌ಗಳಿಂದ, ಅವುಗಳ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಒಂದು ಪ್ಯಾಕೆಟ್ ಪುಡಿಯನ್ನು ಔಷಧವೆಂದು ನಂಬಲು ನಮಗೆ ಮನಸ್ಸು ಬರುವುದಿಲ್ಲ, ನಂಬದವರಿಗೆ ಅದನ್ನು ಕೊಡಲು ವೈದ್ಯರೂ ಹಿಂಜರಿಯುತ್ತಾರೆ. ಈ ಸರಪಳಿಯನ್ನು ಮುರಿಯುವುದು ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ಎರಡು ಪ್ಯಾಕೆಟ್ ಓಆರ್‌ಎಸ್ ಸದಾ ಇಟ್ಟುಕೊಳ್ಳಿ. ನೆರೆಮನೆಯ ಎಳೆಯ ತಾಯಿಗೆ ಅದನ್ನು ಕಲಸುವ ಅಳತೆ ಹೇಳಿಕೊಡಿ. ಮಗುವಿಗೆ ಭೇದಿಯಾಗಿ ವೈದ್ಯರ ಬಳಿ ಹೋದಾಗ ಅವರು ಬರೆಯುವ ತನಕ ಕಾಯದೆ, ‘ಡಾಕ್ಟರೇ, ಓಆರ್‌ಎಸ್ ಮತ್ತು ಜಿಂಕ್ ಕೊಡಿ’ ಎಂದು ನೀವೇ ಕೇಳಿ.